ಹಾಲು ಕುಡಿಸುವಾಗ ಬಸಿರು ನಿಲ್ಲುವುದಿಲ್ಲವೇ? ಬಾಣಂತಿಯರೊಂದಿಗೆ ಒಂದು ಮಾತುಕತೆ

ಎಲ್ಲರಿಗೂ ನಮಸ್ಕಾರ. ಉಡುಪಿಯ ಈ ಮಳೆಯಲ್ಲೂ ಮಕ್ಕಳನ್ನು ಎತ್ತಿಕೊಂಡು ಬಂದಿದ್ದೀರಿ, ಖುಷಿಯಾಯಿತು. ಹಿಂದಿನ ಸಾಲಿನಲ್ಲಿ ಇಬ್ಬರು ಗಂಡಸರೂ ಕಾಣುತ್ತಿದ್ದಾರೆ. ಅವರಿಗೆ ಇನ್ನೊಂದು ನಮಸ್ಕಾರ ಜಾಸ್ತಿ. ಮಗು ಅತ್ತರೆ ಯಾರೂ ಎದ್ದು ಹೊರಗೆ ಹೋಗಬೇಡಿ. ಇಲ್ಲೇ ಕೂತು ಹಾಲು ಕೊಡಿ.

ನಮ್ಮ ಕಡೆ ಹೆರಿಗೆಯಾದ ಹೆಣ್ಣಿಗೆ ಎಲ್ಲವನ್ನೂ ಹೇಳಿಕೊಡುತ್ತಾರೆ. ಯಾವ ಕಷಾಯ, ಎಷ್ಟು ಬಿಸಿನೀರು, ಯಾವ ಮೀನು ತಿನ್ನಬಹುದು, ಯಾವುದು ಬೇಡ, ಎಲ್ಲದಕ್ಕೂ ಮನೆಯಲ್ಲಿ ಒಬ್ಬರು ತಜ್ಞರಿರುತ್ತಾರೆ. ಮುಂದಿನ ಬಸಿರಿನ ವಿಚಾರ ಮಾತ್ರ ಒಂದೇ ಮಾತಿನಲ್ಲಿ ಮುಗಿಯುತ್ತದೆ. ದೊಡ್ಡಮ್ಮನೋ ಪಕ್ಕದ ಮನೆಯ ಅಕ್ಕನೋ ಮೆಲ್ಲಗೆ ಹೇಳುತ್ತಾರೆ, "ಹಾಲು ಕುಡಿಸುವಷ್ಟು ದಿನ ಏನೂ ಆಗುದಿಲ್ಲ ಮಾರಾಯ್ತಿ."

ಈ ಮಾತು ಸುಳ್ಳಲ್ಲ. ಆದರೆ ಅರ್ಧ ಮಾತು. ಉಳಿದ ಅರ್ಧ ಗೊತ್ತಿಲ್ಲದೆಯೇ ಎಷ್ಟೋ ಮಂದಿ ಮಡಿಲಲ್ಲೊಂದು, ಹೊಟ್ಟೆಯಲ್ಲೊಂದು ಎಂಬ ಸ್ಥಿತಿಯಲ್ಲಿ ನನ್ನ ಮುಂದೆ ಬಂದು ಕೂರುತ್ತಾರೆ.

ಮೊದಲು ನಿಜವಾದ ಅರ್ಧ. ಮಗು ಮೊಲೆ ಚೀಪುವಾಗ ಅಲ್ಲಿಂದ ಮೆದುಳಿಗೆ ಸಂದೇಶ ಹೋಗುತ್ತದೆ. ಅಂಡಾಶಯಕ್ಕೆ "ಅಂಡ ಬೆಳೆಸು" ಎಂದು ಹೇಳುವ ಹಾರ್ಮೋನು ಮೆದುಳಿನ ಕಡೆಯಿಂದ ಬರಬೇಕು. ಚೀಪುವುದು ಪದೇ ಪದೇ ನಡೆಯುತ್ತಿದ್ದರೆ ಅದರ ಮಿಡಿತ ತಪ್ಪುತ್ತದೆ. ಅಂಡ ಬಲಿಯುವುದಿಲ್ಲ, ಮುಟ್ಟೂ ಬರುವುದಿಲ್ಲ. ಇಲ್ಲೊಂದು ವಿಷಯ ಗಮನಿಸಿ. ಕೆಲಸ ಮಾಡುವುದು ಚೀಪುವಿಕೆ. ಹಾಲು ಎಷ್ಟಿದೆ ಎನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. "ಡಾಕ್ಟ್ರೇ, ನನಗೆ ಹಾಲು ಧಾರಾಳ ಇದೆ, ಹಾಗಾಗಿ ಭಯ ಇಲ್ಲ ಅಲ್ವಾ?" ಎಂದು ಕೇಳುತ್ತಾರೆ. ಧಾರಾಳ ಇರಲಿ, ಮಗು ದಿನಕ್ಕೆ ನಾಲ್ಕೇ ಸಲ ಕುಡಿದರೆ ಪ್ರಯೋಜನವಿಲ್ಲ.

1988ರಲ್ಲಿ ಇಟಲಿಯ ಬೆಲ್ಲಾಜಿಯೊ ಎಂಬ ಊರಿನಲ್ಲಿ ಹಲವು ದೇಶಗಳ ತಜ್ಞರು ಸೇರಿ ಈ ವಿಷಯ ಚರ್ಚಿಸಿದರು. ಮೂರು ಮಾತು ಒಟ್ಟಿಗೆ ನಿಜವಾಗಿದ್ದರೆ ಬಸಿರಿನಿಂದ ಶೇಕಡಾ 98ಕ್ಕಿಂತ ಜಾಸ್ತಿ ರಕ್ಷಣೆ ಸಿಗುತ್ತದೆ ಎಂಬ ತೀರ್ಮಾನಕ್ಕೆ ಬಂದರು. ಮಗುವಿಗೆ ಆರು ತಿಂಗಳು ತುಂಬಿರಬಾರದು. ತಾಯಿಗೆ ಮುಟ್ಟು ಮರಳಿರಬಾರದು. ಮಗುವಿಗೆ ಎದೆಹಾಲು ಬಿಟ್ಟು ಹೆಚ್ಚುಕಡಿಮೆ ಬೇರೇನೂ ಕೊಡುತ್ತಿರಬಾರದು. ನೂರು ತಾಯಂದಿರು ಈ ಮೂರನ್ನೂ ಪಾಲಿಸಿದರೆ ಆ ಆರು ತಿಂಗಳಲ್ಲಿ ಬಸಿರಾಗುವವರು ಒಬ್ಬರು, ಹೆಚ್ಚೆಂದರೆ ಇಬ್ಬರು. ಇದು ಸಣ್ಣ ಸಂಗತಿಯಲ್ಲ. ದುಡ್ಡಿಲ್ಲ, ಮಾತ್ರೆಯಿಲ್ಲ, ಮಗುವಿಗೂ ಒಳ್ಳೆಯದು. ನಾನು ಇದನ್ನು ಧೈರ್ಯವಾಗಿಯೇ ಹೇಳಿಕೊಡುತ್ತೇನೆ.

ಆದರೆ ಇದು ಮೂರು ಕಲ್ಲಿನ ಒಲೆ. ಒಂದು ಕಲ್ಲು ಜಾರಿದರೂ ಪಾತ್ರೆ ನಿಲ್ಲುವುದಿಲ್ಲ. ನಮ್ಮ ಕರಾವಳಿಯಲ್ಲಿ ಮೊದಲು ಜಾರುವ ಕಲ್ಲು ಯಾವುದು ಗೊತ್ತಾ? ರಾಗಿ ಮಣ್ಣಿ.

ನಗಬೇಡಿ. ಮಗುವಿಗೆ ನಾಲ್ಕು ತಿಂಗಳಾಗುವಷ್ಟರಲ್ಲಿ "ಮಗು ಸೊರಗಿದೆ, ಹಾಲು ಸಾಕಾಗುವುದಿಲ್ಲ" ಎಂದು ಮನೆಯಲ್ಲಿ ಶುರುವಾಗುತ್ತದೆ. ರಾಗಿ ನೆನೆಸಿ, ಅರೆದು, ಬಟ್ಟೆಯಲ್ಲಿ ಸೋಸಿ, ಬೆಲ್ಲ ಹಾಕಿ ಕಾಯಿಸಿ ಒಂದು ಬಟ್ಟಲು ಉಣಿಸುತ್ತಾರೆ. ಮಗುವಿನ ಹೊಟ್ಟೆ ಗಟ್ಟಿಯಾಗಿ ತುಂಬುತ್ತದೆ. ರಾತ್ರಿ ಏಳದೆ ಮಲಗುತ್ತದೆ. ಅಜ್ಜಿಗೆ ಸಮಾಧಾನ, ತಾಯಿಗೂ ನಿದ್ದೆ. ಆದರೆ ರಾತ್ರಿ ಕುಡಿಯುತ್ತಿದ್ದ ಎರಡು ಮೂರು ಸಲ ತಪ್ಪಿತು. ಹಗಲು ನಾಲ್ಕು ಗಂಟೆಗಿಂತ, ರಾತ್ರಿ ಆರು ಗಂಟೆಗಿಂತ ಜಾಸ್ತಿ ಅಂತರ ಬೀಳಬಾರದು ಎಂಬುದು ಈ ವಿಧಾನದ ಲೆಕ್ಕ. ಅಂತರ ಬಿದ್ದರೆ ಅಂಡಾಶಯ ಎಚ್ಚರಗೊಳ್ಳುತ್ತದೆ. ಅಂಗಡಿಯ ಡಬ್ಬಿ ಹಾಲಿಗೂ ಇದೇ ಮಾತು. ಒಂದೆರಡು ಹನಿ ಬಜೆ ತೇಯ್ದು ನೆಕ್ಕಿಸಿದರೆ ವಿಧಾನ ಕೆಡುವುದಿಲ್ಲ, ಆದರೆ ಆರು ತಿಂಗಳೊಳಗಿನ ಮಗುವಿಗೆ ಅದೂ ಬೇಕಾಗಿಲ್ಲ. ಇನ್ನು ಜೇನು, ವರ್ಷ ತುಂಬುವವರೆಗೆ ಖಂಡಿತ ಬೇಡ. ಅದು ಬೇರೆಯೇ ಉಪನ್ಯಾಸ.

ಎರಡನೆಯ ತೊಂದರೆ ಕೆಲಸಕ್ಕೆ ಹೋಗುವುದು. ಮನೆಯಲ್ಲೇ ಬೀಡಿ ಕಟ್ಟುವವರು ಬೀಡಿಯ ಮೊರ ಬದಿಗಿಟ್ಟು ಮಗುವಿಗೆ ಹಾಲು ಕೊಡಬಹುದು. ಗೇರುಬೀಜದ ಫ್ಯಾಕ್ಟರಿಗೆ ಬೆಳಿಗ್ಗೆ ಹೋಗಿ ಸಂಜೆ ಬರುವವರಿಗೆ ಅದು ಆಗುವುದಿಲ್ಲ. ಕಾನೂನಿನಲ್ಲಿ 2017ರಿಂದ 26 ವಾರಗಳ ಹೆರಿಗೆ ರಜೆ ಇದೆ, ಸರಿಯಾಗಿ ಆರು ತಿಂಗಳು. ಅದು ಸಿಗುವವರು ಎಷ್ಟು ಮಂದಿ ಎಂದು ನಿಮಗೇ ಗೊತ್ತು. "ಹಾಲು ಹಿಂಡಿಟ್ಟು ಹೋಗುತ್ತೇನೆ, ಅದು ಎದೆಹಾಲೇ ಅಲ್ವಾ?" ಎಂದರೆ ಮಗುವಿನ ಮಟ್ಟಿಗೆ ಹೌದು. ನಿಮ್ಮ ಮೆದುಳಿಗೆ ಮಾತ್ರ ಹಿಂಡುವುದು ಚೀಪಿದಷ್ಟು ಗಟ್ಟಿ ಸಂದೇಶವಲ್ಲ. ಚಿಲಿ ದೇಶದಲ್ಲಿ ಹಾಗೆ ಹಿಂಡಿಟ್ಟು ಕೆಲಸಕ್ಕೆ ಹೋಗುತ್ತಿದ್ದ ತಾಯಂದಿರನ್ನು ಗಮನಿಸಿದಾಗ ಆರು ತಿಂಗಳಲ್ಲಿ ನೂರಕ್ಕೆ ಸುಮಾರು ಐವರು ಬಸಿರಾಗಿದ್ದರು. ಅಂದರೆ ಅಪಾಯ ಕೆಲವು ಪಟ್ಟು ಹೆಚ್ಚು.

ಮುಟ್ಟಿನ ವಿಷಯದಲ್ಲೂ ಗೊಂದಲವಿದೆ. ಹೆರಿಗೆಯ ನಂತರದ ಸ್ರಾವ ವಾರಗಟ್ಟಲೆ ಇರುತ್ತದೆ. ಪೂರ್ತಿ ಎದೆಹಾಲು ಕೊಡುವವರಲ್ಲಿ ಮೊದಲ 56 ದಿನಗಳ ಸ್ರಾವವನ್ನು ಮುಟ್ಟು ಎಂದು ಎಣಿಸುವುದಿಲ್ಲ. ಆಮೇಲೆ ಎರಡು ದಿನ ಬಿಡದೆ ರಕ್ತ ಕಂಡರೆ, ಅದೆಷ್ಟೇ ಕಡಿಮೆಯಿರಲಿ, ಮುಟ್ಟು ಮರಳಿತು ಎಂದೇ ತಿಳಿಯಿರಿ.

ಈಗ ಉಳಿದ ಅರ್ಧ ಮಾತು. ಇದೊಂದನ್ನು ಗಟ್ಟಿ ನೆನಪಿಟ್ಟುಕೊಳ್ಳಿ. ಹೆರಿಗೆಯ ನಂತರ ಮೊದಲ ಮುಟ್ಟು ಬರುವ ಮೊದಲೇ ಅಂಡ ಬರಬಹುದು. ಅಂಡ ಬಂದು ಸುಮಾರು ಎರಡು ವಾರದ ಮೇಲೆ ತಾನೇ ಮುಟ್ಟು? ಆ ಅಂಡಕ್ಕೇ ಗರ್ಭ ಕಟ್ಟಿದರೆ ಮುಟ್ಟು ಬರುವುದೇ ಇಲ್ಲ. "ಮುಟ್ಟು ಬಂದ ಮೇಲೆ ನೋಡಿದರಾಯಿತು" ಎಂದು ಕಾಯುವವರಿಗೆ ಆಗುವುದು ಇದೇ. ಎದೆಹಾಲು ಕೊಡದವರಲ್ಲಂತೂ ನಾಲ್ಕನೆಯ ವಾರಕ್ಕೇ ಅಂಡ ಬಿಡುಗಡೆಯಾಗಬಹುದು.

ಮಗುವಿಗೆ ಒಂಬತ್ತು ತಿಂಗಳಿನ ದಡಾರದ ಚುಚ್ಚುಮದ್ದಿಗೆ ಬಂದಿದ್ದ ಒಬ್ಬ ತಾಯಿ ಹಾಗೇ ನನ್ನ ಕೋಣೆಗೂ ಇಣುಕಿದರು. ಹೊಟ್ಟೆ ಉಬ್ಬರಿಸುತ್ತದೆ, ಗ್ಯಾಸ್ ಇರಬೇಕು, ಒಂದು ಮಾತ್ರೆ ಬರೆದುಕೊಡಿ ಎಂದರು. ಹೆರಿಗೆಯಾದಾಗಿನಿಂದ ಮುಟ್ಟಾಗಿಲ್ಲ, ಹಾಗಾಗಿ ಅನುಮಾನವೇ ಇರಲಿಲ್ಲ. ಸ್ಕ್ಯಾನಿಂಗ್‌ನಲ್ಲಿ ನಾಲ್ಕು ತಿಂಗಳಿನ ಮಗು ಕೈಕಾಲು ಆಡಿಸುತ್ತಿತ್ತು. ಅವರು ಪರದೆಯನ್ನು ನೋಡಿದರು, ಆಮೇಲೆ ಅತ್ತೆಯ ಕಂಕುಳಲ್ಲಿದ್ದ ಮಗುವನ್ನು ನೋಡಿದರು. "ಹಾಲು ಬಿಡಿಸಲೇ ಇಲ್ಲವಲ್ಲ ಡಾಕ್ಟ್ರೇ" ಎಂದರು. ಹಾಲು ಬಿಡಿಸಿರಲಿಲ್ಲ, ನಿಜ. ಆದರೆ ಐದನೆಯ ತಿಂಗಳಿನಿಂದ ಮಣ್ಣಿ, ಆಮೇಲೆ ಗಂಜಿ, ರಾತ್ರಿ ನಿದ್ದೆ. ಮೊದಲನೆಯದು ಸಿಸೇರಿಯನ್ ಬೇರೆ. ಒಂದು ಹೆರಿಗೆಯಾಗಿ ಕನಿಷ್ಠ 24 ತಿಂಗಳು ಕಳೆದ ಮೇಲೆಯೇ ಮತ್ತೆ ಬಸಿರಾಗುವುದು ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಸುಮ್ನೆ ಅಲ್ಲ.

ಇನ್ನು ಬಸಿರು ತಡೆಯಲು ದಿನ ಎಣಿಸುವುದು, ಯೋನಿಯಲ್ಲಿ ಬರುವ ಲೋಳೆ ನೋಡುವುದು, ಜ್ವರದ ಕಡ್ಡಿ ಇಟ್ಟು ಮೈಬಿಸಿ ಅಳೆಯುವುದು. ಮಂಗಳೂರು, ಉಡುಪಿ ಕಡೆಯ ಕ್ಯಾಥೊಲಿಕ್ ಕುಟುಂಬಗಳಲ್ಲಿ ಇದರ ಬಗ್ಗೆ ತಿಳಿದವರು ಹೆಚ್ಚು, ಏಕೆಂದರೆ ಚರ್ಚು ಒಪ್ಪುವುದು ಸಹಜ ವಿಧಾನಗಳನ್ನು ಮಾತ್ರ. ಆ ನಂಬಿಕೆಯ ಬಗ್ಗೆ ನನ್ನ ತಕರಾರಿಲ್ಲ. ಶ್ರದ್ಧೆಯಿಂದ ಪಟ್ಟಿ ಬರೆದಿಟ್ಟು ವರ್ಷಗಟ್ಟಲೆ ಸರಿಯಾಗಿ ನಡೆಸಿದ ದಂಪತಿಗಳನ್ನು ನೋಡಿದ್ದೇನೆ. ಆದರೆ ಬಾಣಂತನದ ಸಮಯ ಈ ವಿಧಾನಗಳಿಗೆ ಅತ್ಯಂತ ಕಷ್ಟದ ಕಾಲ.

ಮೈಬಿಸಿಯ ವಿಧಾನ ನೋಡಿ. ಅಂಡ ಬಿಡುಗಡೆಯಾದ ಮೇಲೆ ಮೈಬಿಸಿ ಏರುವುದು ಸೆಲ್ಸಿಯಸ್‌ನಲ್ಲಿ 0.2ರಿಂದ 0.5 ಡಿಗ್ರಿ ಮಾತ್ರ. ಅದನ್ನು ಹಿಡಿಯಬೇಕಾದರೆ ಕೆಲವು ಗಂಟೆ ಬಿಡದೆ ನಿದ್ದೆ ಮಾಡಿ, ಏಳುವ ಮೊದಲೇ ಅಳೆಯಬೇಕು. ಮೂರು ತಿಂಗಳ ಕೂಸಿನ ತಾಯಿಗೆ ಬಿಡದೆ ನಿದ್ದೆಯಂತೆ! ಅದೂ ಅಲ್ಲದೆ ಏರಿದ್ದು ಗೊತ್ತಾಗುವುದು ಅಂಡ ಬಂದಾದ ಮೇಲೆ. ವೀರ್ಯಾಣು ಒಳಗೆ ಐದು ದಿನದವರೆಗೆ ಬದುಕಿರಬಲ್ಲದು. ಮೊದಲ ಅಂಡದ ಮುನ್ಸೂಚನೆ ಕೊಡಲು ಈ ವಿಧಾನಕ್ಕೆ ಬರುವುದಿಲ್ಲ.

ಲೋಳೆ ನೋಡುವ ಬಿಲ್ಲಿಂಗ್ಸ್ ವಿಧಾನ ಇದಕ್ಕಿಂತ ವಾಸಿ. ಆಸ್ಟ್ರೇಲಿಯಾದ ಡಾಕ್ಟರ್ ದಂಪತಿ ಜಾನ್ ಮತ್ತು ಎವೆಲಿನ್ ಬಿಲ್ಲಿಂಗ್ಸ್ ಬೆಳೆಸಿದ್ದು. ಅಂಡ ಬರುವ ಮುಂಚೆ ಲೋಳೆ ತೆಳ್ಳಗೆ, ಜಾರುವಂತೆ, ಬೆರಳುಗಳ ನಡುವೆ ಎಳೆದರೆ ಮೊಟ್ಟೆಯ ಬಿಳಿಯ ಹಾಗೆ ಉದ್ದವಾಗುತ್ತದೆ. ಹಾಲೂಡುವ ತಾಯಿಯಲ್ಲಿ ಕೆಲವೊಮ್ಮೆ ವಾರಗಟ್ಟಲೆ ಒಣಗಿರುತ್ತದೆ, ಕೆಲವೊಮ್ಮೆ ಅಂಡಾಶಯ ಏಳಲು ನೋಡಿ ಮತ್ತೆ ಮಲಗುತ್ತದೆ. ಆಗ ಅಂಡ ಬಾರದೆಯೂ ಲೋಳೆ ಬಂದು ಹೋಗುತ್ತದೆ. ಹೀಗೆ ಲೋಳೆ ಕಂಡಾಗೆಲ್ಲ ದೂರ ಇರಬೇಕು. ದಂಪತಿ ಬೇಸತ್ತು, "ಇದೂ ಸುಳ್ಳು ಲಕ್ಷಣವೇ ಇರಬೇಕು" ಎಂದುಕೊಂಡ ದಿನವೇ ಅದು ನಿಜವಾಗುತ್ತದೆ. ಇದನ್ನೇ ಅನುಸರಿಸುತ್ತೀರಾದರೆ ಬಸಿರಿಗೆ ಮೊದಲೇ ಕಲಿತಿರಬೇಕು, ಹೆರಿಗೆಯ ನಂತರ ಹೇಳಿಕೊಡುವವರ ಜೊತೆ ಸಂಪರ್ಕದಲ್ಲಿರಬೇಕು. ಮೊಬೈಲ್ ಆ್ಯಪ್ ನಂಬಬೇಡಿ. ಹಳೆಯ ಮುಟ್ಟಿನ ಲೆಕ್ಕದ ಮೇಲೆ ಅದು ಊಹಿಸುತ್ತದೆ, ನಿಮಗೀಗ ಮುಟ್ಟೇ ಇಲ್ಲ.

ದಿನ ಎಣಿಸುವುದಕ್ಕೂ ಅದೇ ತೊಡಕು. ಮುಟ್ಟು ಶುರುವಾದ ದಿನದಿಂದ ಎಣಿಸಿ 8ನೆಯ ದಿನದಿಂದ 19ರವರೆಗೆ ದೂರ ಇರಬೇಕೆಂಬ ವಿಧಾನವಿದೆ. ಅದನ್ನು ಶುರುಮಾಡಲು ಹೆರಿಗೆಯ ನಂತರ ಕನಿಷ್ಠ ನಾಲ್ಕು ಮುಟ್ಟು ಬಂದಿರಬೇಕು, ಕೊನೆಯ ಎರಡರ ನಡುವೆ 26ರಿಂದ 32 ದಿನಗಳ ಅಂತರವಿರಬೇಕು. ಆಗಲೂ ಸಾಮಾನ್ಯ ಬಳಕೆಯಲ್ಲಿ ವರ್ಷಕ್ಕೆ ನೂರಕ್ಕೆ 12 ಮಂದಿ ಬಸಿರಾಗುತ್ತಾರೆ. "ನಾವು ಜಾಗ್ರತೆ ಮಾಡುತ್ತೇವೆ" ಎಂದು ಗಂಡಸರು ಹೇಳುವ, ಅಂದರೆ ವೀರ್ಯ ಬೀಳುವ ಮೊದಲೇ ಹಿಂದೆ ಸರಿಯುವ ವಿಧಾನದಲ್ಲಿ ಸುಮಾರು 20 ಮಂದಿ. ಹಿಂದಿನ ಸಾಲಿನವರು ಕೇಳಿಸಿಕೊಂಡಿರಲ್ಲ?

ಹಾಗಾದರೆ ಏನು ಮಾಡಬೇಕು? ಎದೆಹಾಲಿನ ವಿಧಾನ ಬೇಕಾದವರು ಅದನ್ನೇ ಮಾಡಿ. ಆದರೆ ಐದನೆಯ ತಿಂಗಳಲ್ಲೇ ಮುಂದಿನದನ್ನು ನಿರ್ಧರಿಸಿ. ಆರು ತಿಂಗಳಾದ ಮೇಲೆ ಮೇಲಾಹಾರ ಶುರುಮಾಡಲೇಬೇಕು, ಅಲ್ಲಿಗೆ ಈ ರಕ್ಷಣೆಯೂ ಮುಗಿಯಿತು. ಗರ್ಭಕೋಶದೊಳಗೆ ಇಡುವ ಕಾಪರ್-ಟಿಯನ್ನು ಹೆರಿಗೆಯಾದ 48 ಗಂಟೆಯೊಳಗೆ ಅಥವಾ ಆರು ವಾರದ ನಂತರ ಹಾಕಿಸಬಹುದು. ಛಾಯಾ ಮಾತ್ರೆ ಹಾಲೂಡುವವರಿಗೂ ಆಗುತ್ತದೆ, ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಅಂತರಾ ಇಂಜೆಕ್ಷನ್ ಆರು ವಾರದ ನಂತರ, ಮೂರು ತಿಂಗಳಿಗೊಮ್ಮೆ. ದಿನಾ ನುಂಗುವ ಮಾಲಾ-ಎನ್ ಮಾತ್ರೆ ಮಾತ್ರ ಹಾಲೂಡುವ ಮೊದಲ ಆರು ತಿಂಗಳು ಬೇಡ. ಇವೆಲ್ಲ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ನಿಮ್ಮ ಆಶಾ ಅಕ್ಕನನ್ನು ಕೇಳಿದರೂ ಹೇಳುತ್ತಾರೆ.

ಚೀಟಿಯಲ್ಲಿ ಒಂದು ಪ್ರಶ್ನೆ ಬಂದಿದೆ, ಓದುತ್ತೇನೆ. "ಗಂಡ ದುಬೈಯಲ್ಲಿದ್ದಾರೆ. ಮಗುವಿಗೆ ಏಳು ತಿಂಗಳಾಗುವಾಗ ರಜೆಯಲ್ಲಿ ಬರುತ್ತಾರೆ. ಮುಟ್ಟಾಗಿಲ್ಲ, ಹಾಲು ಕೊಡುತ್ತಿದ್ದೇನೆ. ಹೆದರಬೇಕಾ?" ಹೆದರಬೇಡಿ, ಆದರೆ ಎದೆಹಾಲನ್ನು ನಂಬಿ ಕೂರಬೇಡಿ. ಏಳು ತಿಂಗಳೆಂದರೆ ಅದರ ಅವಧಿ ಮುಗಿದಿದೆ. ನಿಮಗೊಂದು ಅನುಕೂಲವೂ ಇದೆ. ಗಂಡ ಊರಿನಲ್ಲಿಲ್ಲ, ಹಾಗಾಗಿ ನೀವು ಬಸಿರಾಗಿಲ್ಲ ಎಂಬುದು ಖಾತ್ರಿ. ಮುಟ್ಟಿಗೆ ಕಾಯದೆ ಯಾವ ದಿನ ಬೇಕಾದರೂ ಇಂಜೆಕ್ಷನ್ ಶುರುಮಾಡಬಹುದು. ಅದು ಹಿಡಿಯಲು ಒಂದು ವಾರ ಬೇಕು, ಆದ್ದರಿಂದ ಅವರು ವಿಮಾನ ಹತ್ತುವ ಎರಡು ವಾರ ಮೊದಲೇ ಬನ್ನಿ. ಇಂಜೆಕ್ಷನ್ ಬೇಡವೆಂದರೆ ಫೋನಿನಲ್ಲೇ ಅವರಿಗೆ ಹೇಳಿ, ಚಾಕೊಲೇಟ್, ಸೆಂಟು ತುಂಬುವ ಪೆಟ್ಟಿಗೆಯಲ್ಲಿ ಕಾಂಡೋಮಿಗೂ ಜಾಗ ಇರುತ್ತದೆ. ಮುಂದಿನ ಚೀಟಿ ಕೊಡಿ.