ಅರ್ಜಿ ಕರೀಬೇಡಿ, ರಿಜಿಸ್ಟರ್ ತೆಗೀರಿ

ನಮಸ್ಕಾರ. ಮಳೆಗಾಲದ ಸೇವೆಗೆ ಕೊಡೋ ಸನ್ಮಾನಗಳ ಬಗ್ಗೆ ಮಾಡಿದ್ದ ಹೋದ ಸಂಚಿಕೆಯ ಕೆಳಗೆ ಒಬ್ಬರು ಬರೆದಿದ್ದಾರೆ: "ಸನ್ಮಾನ ಮಾಡೋರು ಮಾಡ್ತಾರೆ, ಮಾಡಿಸ್ಕೊಳ್ಳೋರು ಮಾಡಿಸ್ಕೊಳ್ತಾರೆ. ನಿಮಗ್ಯಾಕೆ ಹೊಟ್ಟೆಯುರಿ?" ಹೊಟ್ಟೆ ಉರೀತಾ ಇರೋದು ನಿಜ. ಯಾಕೆ ಅಂತ ಇವತ್ತು ಪೂರ್ತಿ ಹೇಳ್ತೀನಿ. ಕೊನೇವರೆಗೂ ಕೇಳಿ, ಆಮೇಲೆ ಬೈಯೋದಿದ್ರೆ ಬೈಯಿರಿ.

ಕೊಡಗಲ್ಲಿ ಬರೆ, ಅಂದ್ರೆ ಗುಡ್ಡದ ಕಡಿದಾದ ಬದಿ, ಕುಸಿಯುತ್ತೆ, ಹೊಳೆ ಉಕ್ಕುತ್ತೆ. ಮಳೆ ನಿಂತ ಮೇಲೆ ಸನ್ಮಾನದ ಕಾಲ. "ಪ್ರಕೃತಿ ವಿಕೋಪದ ಸಂದರ್ಭದಲ್ಲಿ ಸೇವೆ ಸಲ್ಲಿಸಿದವರಿಂದ ಅರ್ಜಿ ಆಹ್ವಾನಿಸಲಾಗಿದೆ." ಅರ್ಜಿ ಜೊತೆ ಏನೇನು ಲಗತ್ತಿಸ್ಬೇಕು? ಸ್ವವಿವರ, ಫೋಟೊ, ಪತ್ರಿಕೆಯಲ್ಲಿ ಬಂದ ಸುದ್ದಿಯ ತುಣುಕು, ಸೇವೆ ಮಾಡ್ತಾ ಇರೋ ಚಿತ್ರ, ಗಣ್ಯರ ಶಿಫಾರಸು. ಬೆಳಗಿನ ಜಾವ ನಾಲ್ಕು ಗಂಟೆಗೆ ಪರಿಹಾರ ಕೇಂದ್ರದಲ್ಲಿ ಒಲೆ ಹಚ್ಚಿದ ಹೆಂಗಸಿನ ಹತ್ರ ಪತ್ರಿಕೆ ತುಣುಕು ಎಲ್ಲಿಂದ ಬರ್ಬೇಕು? ಅರ್ಧ ರಾತ್ರಿ ಜೀಪಲ್ಲಿ ಬಾಣಂತೀನ ದಾಟಿಸಿದ ಡ್ರೈವರ್, ಸ್ಟೇರಿಂಗ್ ಬಿಟ್ಟು ಫೋಟೊ ತೆಗೆಸ್ಕೋಬೇಕಿತ್ತಾ? ಚಿತ್ರ ಇರೋದು ಜೊತೆಗೊಬ್ಬ ಫೋಟೊಗ್ರಾಫರನ್ನ ಕರ್ಕೊಂಡು ಬಂದವನ ಹತ್ರ.

ನನ್ನ ಮಾತು ಇಷ್ಟೆ. ಯಾರು ಬಂದು ಯಾವ ಕೆಲಸ ಮಾಡಿದ್ರು ಅಂತ ಕೇಂದ್ರದಲ್ಲೇ ದಿನಾ ಒಂದು ರಿಜಿಸ್ಟರಲ್ಲಿ ಬರೀರಿ, ಸನ್ಮಾನಕ್ಕೆ ಅದನ್ನ ನೋಡಿ. ಅರ್ಜಿ ಕರೀಬೇಡಿ, ರಿಜಿಸ್ಟರ್ ತೆಗೀರಿ.

2018ರ ಆಗಸ್ಟ್ ನೆನಪು ಮಾಡ್ಕೊಳ್ಳಿ. ಜಡಿಮಳೆಯ ಕಕ್ಕಡ ತಿಂಗಳು ಮುಗೀತು ಅನ್ನೋ ಹೊತ್ತಿಗೆ ಜೋಡುಪಾಲ, ಮದೆನಾಡು, ಎರಡನೇ ಮೊಣ್ಣಂಗೇರಿ, ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಹೆಬ್ಬೆಟ್ಟಗೇರಿ, ಒಂದಾದ ಮೇಲೊಂದು ಊರಲ್ಲಿ ಬರೆ ಕುಸೀತು. ಮಡಿಕೇರಿ–ಸಂಪಾಜೆ ರಸ್ತೆ ತುಂಡಾಯ್ತು. ಮಾರನೇ ವರ್ಷ ವಿರಾಜಪೇಟೆ ಕಡೆ ತೋರ, ಹೊಳೆ ಬದಿಯಲ್ಲಿ ಕರಡಿಗೋಡು, ಗುಹ್ಯ. 2020ರ ಆಗಸ್ಟಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಸೇನೆ ಬಂತು, ಎನ್‌ಡಿಆರ್‌ಎಫ್ ಬಂತು, ಅವರಿಗೆ ಕೈ ಮುಗೀತೀನಿ. ಆದ್ರೆ ಹೊರಗಿನ ತಂಡ ಬರೋಕೂ ಮೊದಲು ದಾರಿ ಬಿಡಿಸ್ಬೇಕಲ್ಲ? ಅದು ಊರವರ ಕೆಲಸ.

ದಾರಿ ಬಿಡಿಸೋದು ಅಂದ್ರೆ ಏನು ಅಂತ ಸನ್ಮಾನ ಸಮಿತಿಯವರಿಗೆ ಗೊತ್ತಾ? ರಸ್ತೆಗೆ ಅಡ್ಡ ಬಿದ್ದ ಸಿಲ್ವರ್ ಓಕ್ ಮರ ತಂತೀನೂ ಎಳ್ಕೊಂಡು ಬಿದ್ದಿರುತ್ತೆ. ಲೈನ್‌ಮನ್ ಕರೆಂಟ್ ಆಫ್ ಮಾಡಿ ಖಾತ್ರಿ ಮಾಡೋವರೆಗೂ ಮರ ಮುಟ್ಟೋ ಹಾಗಿಲ್ಲ. ಆಮೇಲೆ ಮರ ಎತ್ತ ಬಾಗಿದೆ, ಎಲ್ಲಿ ಬಿಗಿ ಇದೆ ನೋಡ್ಬೇಕು. ಒತ್ತಡ ಇರೋ ಒಳಬದಿಯಲ್ಲಿ ಮೊದಲು ಪೆಟ್ರೋಲ್ ಗರಗಸದಲ್ಲಿ ಸ್ವಲ್ಪ ಕೊಯ್ದು, ಆಮೇಲೆ ಎಳೆತ ಇರೋ ಹೊರಬದಿ. ತಿರುಗಾಮುರುಗಾ ಆದ್ರೆ ಒಂದೋ ಬ್ಲೇಡ್ ಸಿಕ್ಕಿಕೊಳ್ಳುತ್ತೆ, ಇಲ್ಲಾ ದಿಮ್ಮಿ ಸಿಡಿದು ಕಾಲು ಮುರಿಯುತ್ತೆ. ಗರಗಸದ ಪೆಟ್ರೋಲಿಗೆ 2ಟಿ ಆಯಿಲ್ ಬೆರೆಸ್ಬೇಕು, ಸಾಮಾನ್ಯವಾಗಿ ಲೀಟರಿಗೆ 20 ಮಿಲಿ. ಕೆಸರು ಮೆತ್ತಿದ ಮರ ಕೊಯ್ದರೆ ಚೈನು ನಿಮಿಷಗಳಲ್ಲಿ ಮೊಂಡಾಗುತ್ತೆ, ಟ್ಯಾಂಕು ಖಾಲಿಯಾದಾಗಲೆಲ್ಲ ಕೂತು ಅರ ಹಾಕ್ಬೇಕು. ಇಷ್ಟೆಲ್ಲ ಸುರಿಯೋ ಮಳೆಯಲ್ಲಿ, ಮೇಲಿಂದ ಬರೆ ಇನ್ನೊಂದು ಸಲ ಜಾರಬಹುದು ಅನ್ನೋ ಭಯದಲ್ಲಿ. ಆ ಮರ ಕೊಯ್ದವರ ಹೆಸರು ಯಾವ ಅರ್ಜಿಯಲ್ಲಿದೆ?

ಅಡುಗೆ ಮನೆಗೆ ಬನ್ನಿ. ಶಾಲೆಯಲ್ಲಿ ಕೇಂದ್ರ, 300 ಜನ. ಒಂದು ಹೊತ್ತಿಗೆ 30ರಿಂದ 35 ಕೆಜಿ ಅಕ್ಕಿ, ಬೆಳಿಗ್ಗೆ ಉಪ್ಪಿಟ್ಟಿಗೆ ಹತ್ತಿರ ಹತ್ತಿರ 20 ಕೆಜಿ ರವೆ. ಸೌದೆ ನೆಂದಿದೆ, ಹೊಗೆಯಲ್ಲಿ ಕಣ್ಣು ಬಿಡೋಕಾಗಲ್ಲ. ಮಕ್ಕಳಿಗೆ, ವಯಸ್ಸಾದವರಿಗೆ ಬೇರೆ ಗಂಜಿ. ಸಕ್ಕರೆ ಕಾಯಿಲೆಯವರು ಹೊತ್ತಿಗೆ ಸರಿಯಾಗಿ ಉಣ್ಬೇಕು. ರಾತ್ರಿ ಮಿಕ್ಕಿದ ಅನ್ನ ಬೆಳಿಗ್ಗೆ ಬಡಿಸಿದರೆ ಕೇಂದ್ರಕ್ಕೆ ಕೇಂದ್ರವೇ ವಾಂತಿ ಭೇದಿ. ಅದಕ್ಕೇ ಅಳತೆ ಗೊತ್ತಿರೋ ಅಡುಗೆಯವರು ಒಟ್ಟಿಗೆ ರಾಶಿ ಹಾಕಲ್ಲ, ಎರಡು ಸಲ ಬೇಯಿಸ್ತಾರೆ. ಶಾಲೆಯ ಬಿಸಿಯೂಟದ ಅಡುಗೆಯವರಿಗೆ ಈ ಲೆಕ್ಕ ಬಾಯಿಪಾಠ.

ನೀರಿನ ಕಥೆ ಇದೆ. ಬಾವಿ ನೀರು ಕೆಂಪಾಗಿದ್ದಾಗ ಕ್ಲೋರಿನ್ ಮಾತ್ರೆ ಹಾಕಿದ್ರೆ ಪ್ರಯೋಜನ ಕಡಿಮೆ, ಆ ಕೆಸರೇ ಕ್ಲೋರಿನ್ನನ್ನ ತಿಂದುಬಿಡುತ್ತೆ. ಮೊದಲು ನೀರು ತಿಳಿಯಾಗಲಿ, ಬಟ್ಟೆಯಲ್ಲಿ ಸೋಸಿ, ಆಮೇಲೆ 20 ಲೀಟರಿಗೆ ಅರ್ಧ ಗ್ರಾಂ ಮಾತ್ರೆ ಒಂದು, ಅರ್ಧ ಗಂಟೆ ಕಾಯ್ಬೇಕು. ದಿನಾ ಎಷ್ಟು ಕ್ಯಾನು? ಅದನ್ನ ಗಡಿಯಾರ ನೋಡ್ಕೊಂಡು ಮಾಡಿದ ಆಶಾ ಕಾರ್ಯಕರ್ತೆಯ ಹೆಸರು ಏನು? ಇನ್ನು ಶೌಚಾಲಯ. 20 ಜನಕ್ಕೆ ಒಂದು ಇರ್ಬೇಕು ಅಂತ ಲೆಕ್ಕ. ಶಾಲೆಯಲ್ಲಿ ನಾಲ್ಕಿದ್ರೆ ಒಂದೊಂದಕ್ಕೆ 75 ಜನ. ಅದನ್ನ ದಿನಕ್ಕೆ ಐದು ಸಲ ತೊಳೆದವರು ಯಾರು? ಅವರು ಅರ್ಜಿ ಬರೆದು, ಗಣ್ಯರ ಮನೆ ಬಾಗಿಲಲ್ಲಿ ಶಿಫಾರಸಿಗೆ ನಿಲ್ಬೇಕಾ? ಯಾವ ನ್ಯಾಯ ಇದು? ಅರ್ಜಿ ಕರೀಬೇಡಿ, ರಿಜಿಸ್ಟರ್ ತೆಗೀರಿ!

ಈ ವಿಷಯ ನಿಮಗೂ ಮುಖ್ಯ ಅನ್ಸಿದ್ರೆ ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ನಿಮ್ಮ ಪಂಚಾಯತಿ ಗ್ರೂಪಿಗೆ ಕಳಿಸಿ. ಪಿಡಿಒ ಅವರಿಗೂ ಕಳಿಸಿ, ಅವರು ಖಂಡಿತ ಕೇಳ್ಬೇಕಾದ ಸಂಚಿಕೆ ಇದು.

ಈಗ ಆಕ್ಷೇಪಗಳು. "ನಿಜವಾದ ಸೇವೆ ಮಾಡೋರು ಪ್ರಶಸ್ತಿ ಬಯಸಲ್ಲ." ಈ ಮಾತು ಹೇಳೋರೇ ಮುಂದಿನ ಸಾಲಲ್ಲಿ ಪೇಟ ಹಾಕ್ಕೊಂಡು ಕೂತಿರ್ತಾರೆ! ಬಯಸಲ್ಲ ಅಂತ ಕೊಡದೇ ಇರೋದಾ? ಬಯಸದೇ ಇರೋರನ್ನ ಹುಡುಕಿ ಕೊಡೋದಕ್ಕೇ ಅಲ್ವಾ ಸಮಿತಿ ಇರೋದು? "ರಿಜಿಸ್ಟರ್ ಯಾರು ಬರೀತಾರೆ ಆ ಗಲಾಟೆಯಲ್ಲಿ?" ಬರೀತಾರೆ ಸ್ವಾಮಿ. ಅಕ್ಕಿ ಮೂಟೆ ಒಳಗೆ ಬಂದಿದ್ದು ಬರೀತಾರೆ, ಕಂಬಳಿ ಹೊರಗೆ ಹೋಗಿದ್ದು ಬರೀತಾರೆ, ಮನುಷ್ಯರ ಹೆಸರು ಬರೆಯೋಕೆ ಮಾತ್ರ ಕೈ ನೋಯುತ್ತಾ?

ಹೇಗೆ ಬರೀಬೇಕು ಅಂತಾನೂ ಹೇಳ್ತೀನಿ. ಇನ್ನೂರು ಪುಟದ ಗಟ್ಟಿ ರಟ್ಟಿನ ಪುಸ್ತಕ. ಐದು ಕಾಲಂ ಸಾಕು: ತಾರೀಕು, ಹೆಸರು, ಬಂದ ಹೊತ್ತು, ಹೋದ ಹೊತ್ತು, ಮಾಡಿದ ಕೆಲಸ. ಕೆಲಸ ಅಂದ್ರೆ "ಸೇವೆ" ಅಂತ ಬರೀಬೇಡಿ, "ಮೂರು ಟ್ರಿಪ್ ಜೀಪ್, ಹನ್ನೊಂದು ಜನ" ಅಂತ ಬರೀರಿ. ಜೆಲ್ ಪೆನ್ ಬೇಡ, ಒಂದು ಹನಿ ನೀರು ಬಿದ್ರೆ ಅಕ್ಷರ ಹರಡಿಹೋಗುತ್ತೆ. ಬಾಲ್ ಪೆನ್ನು ಇಲ್ಲಾ ಸೀಸದ ಕಡ್ಡಿ. ಪುಸ್ತಕ ಪ್ಲಾಸ್ಟಿಕ್ ಕವರಲ್ಲಿ, ದಾಸ್ತಾನು ಕೋಣೆ ಬಾಗಿಲ ಹತ್ರ ಕಟ್ಟಿ ಹಾಕಿ, ಯಾಕಂದ್ರೆ ಎಲ್ಲರೂ ಅಲ್ಲಿಗೆ ಬಂದೇ ಬರ್ತಾರೆ. ರಾತ್ರಿ ಒಂಬತ್ತಕ್ಕೆ ಆ ದಿನದ ಪುಟದ ಫೋಟೊ ತೆಗೆದು ಪಂಚಾಯತಿಗೆ ವಾಟ್ಸಾಪ್ ಮಾಡಿ. ನೆಟ್‌ವರ್ಕ್ ಇಲ್ಲದಿದ್ರೆ ಫೋಟೊ ಫೋನಲ್ಲಿ ಇರಲಿ, ಸಿಗ್ನಲ್ ಬಂದಾಗ ಹೋಗುತ್ತೆ. ಆಮೇಲೆ ಯಾರೂ ನಡುವೆ ಹೆಸರು ತುರುಕೋಕಾಗಲ್ಲ. ಇದಕ್ಕೆ ಖರ್ಚೆಷ್ಟು? ಒಂದು ಶಾಲಿನಷ್ಟೂ ಆಗಲ್ಲ.

ಇದಕ್ಕಿಂತ ದೊಡ್ಡ ಅನ್ಯಾಯ ಒಂದಿದೆ. ಕೇಂದ್ರ ಸರ್ಕಾರದ ಜೀವನ್ ರಕ್ಷಾ ಪದಕ ಇದೆ, ಮೂರು ದರ್ಜೆ. ನೀರಲ್ಲಿ ಮುಳುಗೋರನ್ನ, ಬೆಂಕಿಯಿಂದ, ಭೂಕುಸಿತದಿಂದ ಜನರನ್ನ ಉಳಿಸಿದವರಿಗೆ ಕೊಡೋದು. ಭೂಕುಸಿತ ಅಂತ ಹೆಸರು ಹಿಡಿದೇ ಹೇಳಿದ್ದಾರೆ. ಘಟನೆ ನಡೆದು ಎರಡು ವರ್ಷದ ಒಳಗೆ ಶಿಫಾರಸು ಹೋಗ್ಬೇಕು. ಎಲ್ಲಿ ಎಡವುತ್ತೆ ಗೊತ್ತಾ? ಮಣ್ಣಿನಡಿ ಸಿಕ್ಕ ಮನುಷ್ಯ ಸತ್ತರೆ ಠಾಣೆಯಲ್ಲಿ ಯುಡಿಆರ್, ಅಂದ್ರೆ ಅಸಹಜ ಸಾವಿನ ವರದಿ, ಆಗುತ್ತೆ, ಮಹಜರು ಆಗುತ್ತೆ, ಫೈಲು ಹುಟ್ಟುತ್ತೆ. ಅವನನ್ನ ಯಾರೋ ಬರಿಗೈಯಲ್ಲಿ ಮಣ್ಣು ತೋಡಿ ಎಳೆದು ಬದುಕಿಸಿದ್ರೆ? ಒಂದು ಚೀಟೀನೂ ಹುಟ್ಟಲ್ಲ. ಬದುಕಿಸಿದ್ದಕ್ಕೆ ದಾಖಲೆ ಇಲ್ಲ! ಅದಕ್ಕೇ ಹೇಳೋದು, ವಾರದೊಳಗೆ ಗ್ರಾಮ ಆಡಳಿತಾಧಿಕಾರಿ ಊರಿಗೆ ಹೋಗಿ, ಬದುಕುಳಿದವರ ಹೇಳಿಕೆ, ಕಣ್ಣಾರೆ ಕಂಡ ಇಬ್ಬರ ಹೇಳಿಕೆ, ಜಾಗ, ಹೊತ್ತು, ಎಷ್ಟು ಆಳ, ಎಷ್ಟು ಹೊತ್ತು ತೋಡಿದರು, ಇಷ್ಟನ್ನ ಒಂದು ಹಾಳೆಯಲ್ಲಿ ಬರೆದು ಸಹಿ ತಗೋಬೇಕು. ಎರಡು ತಿಂಗಳು ಬಿಟ್ಟು ಕೇಳಿದ್ರೆ ಸಾಕ್ಷಿ ಹೇಳೋರು ಬಾಡಿಗೆ ಮನೆ ಹುಡುಕ್ಕೊಂಡು ಕುಶಾಲನಗರಕ್ಕೋ ಮೈಸೂರಿಗೋ ಹೋಗಿರ್ತಾರೆ. ಉಳಿಸಿದವರು ಮಕ್ಕಳಾಗಿದ್ರೆ ರಾಜ್ಯ ಸರ್ಕಾರದ ಹೊಯ್ಸಳ, ಕೆಳದಿ ಚೆನ್ನಮ್ಮ ಶೌರ್ಯ ಪ್ರಶಸ್ತಿ ಇದೆ. ಅದಕ್ಕೂ ಇದೇ ಹಾಳೆ ಬೇಕು. ವಿಪತ್ತು ನಿರ್ವಹಣೆಗೆ ಅಂತಲೇ ಸುಭಾಷ್ ಚಂದ್ರ ಬೋಸ್ ಹೆಸರಲ್ಲಿ ಜನವರಿ 23ಕ್ಕೆ ಘೋಷಿಸೋ ಪುರಸ್ಕಾರ ಇದೆ, ವ್ಯಕ್ತಿಗೆ 5 ಲಕ್ಷ, ಸಂಸ್ಥೆಗೆ 51 ಲಕ್ಷ. ನಮ್ಮೂರಿನ ಮಣ್ಣು ತೋಡಿದವರ ಹೆಸರು ಅಲ್ಲೀವರೆಗೆ ಯಾವ ಕಾಗದದ ಮೇಲೆ ಹೋಗ್ಬೇಕು? ಹೇಳಿ!

ಇನ್ನೊಬ್ಬರ ಬಗ್ಗೆ ಯಾರೂ ಯೋಚನೆ ಮಾಡಲ್ಲ. ಮಳೆ ಅಳೆಯೋರು. ಕೊಡಗಿನ ತೋಟದ ಮನೆಗಳಲ್ಲಿ ಇಂಚು ಸೆಂಟಿನ ಲೆಕ್ಕ ತಲೆಮಾರುಗಳಿಂದ ಇದೆ, ನೂರು ಸೆಂಟಿಗೆ ಒಂದು ಇಂಚು, ಇಂಚಿಗೆ 25.4 ಮಿಲಿಮೀಟರ್. ಬೆಳಿಗ್ಗೆ ಎಂಟಕ್ಕೆ ಅಳತೆ ಜಾಡಿ ಹಿಡ್ಕೊಂಡು ಅಂಗಳಕ್ಕೆ ಇಳೀತಾರೆ. ಜಡಿಮಳೆಯಲ್ಲಿ ಮಳೆಮಾಪಕದ ಒಳಗಿನ ಪಾತ್ರೆ ತುಂಬಿ ಚೆಲ್ಲಿದ್ರೆ ಲೆಕ್ಕ ಹಾಳು, ಅದಕ್ಕೇ ಮಧ್ಯಾಹ್ನ ಒಂದ್ಸಲ, ರಾತ್ರಿ ಒಂದ್ಸಲ ಎದ್ದು ಅಳೆದು ಚೆಲ್ಲಿ, ಎಲ್ಲ ಕೂಡಿಸಿ ಬರೀತಾರೆ. ಆಲಿಕೆಗೆ ಎಲೆ ಸಿಕ್ಕಿದ್ರೆ ಸುಳ್ಳು ಲೆಕ್ಕ, ಮರದಡಿ ಇಟ್ರೂ ಸುಳ್ಳು ಲೆಕ್ಕ. ದಿನಗಟ್ಟಲೆ ನೆನೆದ ಬರೆಯ ಮೇಲೆ ಒಂದೇ ರಾತ್ರಿ ಇಂಚುಗಟ್ಟಲೆ ಬಿದ್ದಾಗ, "ಇವತ್ತು ಕೆಳಗಿನ ಲೈನ್ ಮನೆಯಲ್ಲಿ ಮಲಗ್ಬೇಡಿ" ಅಂತ ತೋಟದ ಕೆಲಸದವರಿಗೆ ಹೇಳೋಕೆ ಧೈರ್ಯ ಬರೋದು ಆ ಪುಸ್ತಕದಿಂದ. ಕೊಲ್ಲಿ, ಅಂದ್ರೆ ಗುಡ್ಡದಿಂದ ಇಳಿಯೋ ತೋಡಿನ ನೀರು ಇದ್ದಕ್ಕಿದ್ದ ಹಾಗೆ ಕೆಂಪಾಯ್ತು, ಇಲ್ಲಾ ಮಳೆ ಸುರೀತಾ ಇದ್ರೂ ನೀರು ಇಳೀತು, ಅಂದ್ರೆ ಮೇಲೆಲ್ಲೋ ಮಣ್ಣು ಜಾರಿದೆ, ಇಲ್ಲಾ ನೀರಿಗೆ ಅಡ್ಡ ಕಟ್ಟಿಕೊಂಡಿದೆ. ಅಂಗಳದಲ್ಲಿ ಬಿರುಕು, ಬಾಗಿಲು ಚೌಕಟ್ಟಿಗೆ ಕೂರ್ತಾ ಇಲ್ಲ, ಅಂದ್ರೆ ನೆಲ ಸರೀತಾ ಇದೆ. ಇದನ್ನ ಗಮನಿಸಿ ಇಪ್ಪತ್ತು ಜನರನ್ನ ರಾತ್ರಿಯೇ ಎಬ್ಬಿಸಿ ಕಳಿಸಿದವರು ಇಪ್ಪತ್ತು ಜೀವ ಉಳಿಸಿದ್ದಾರೆ. ಬೆಳಿಗ್ಗೆ ಬರೆ ಬಿತ್ತು, ಯಾರಿಗೂ ಏನೂ ಆಗ್ಲಿಲ್ಲ, ಸುದ್ದಿಯೂ ಆಗ್ಲಿಲ್ಲ. ಅರ್ಜಿಗೆ ಲಗತ್ತಿಸೋಕೆ ಏನಿದೆ ಅವರ ಹತ್ರ? ಆ ಮಳೆ ಪುಸ್ತಕ ಒಂದೇ. ಅದನ್ನ ತೆಗೆದು ನೋಡಿ!

"ಹೆಸರು ಗ್ರಾಮಸಭೆಯಲ್ಲಿ ಇಟ್ರೆ ಜಗಳ ಆಗುತ್ತೆ" ಅಂತೀರಾ? ಆಗ್ಲಿ. ಆರು ತಿಂಗಳಿಗೊಮ್ಮೆ ಗ್ರಾಮಸಭೆ ಆಗ್ಲೇಬೇಕು, ಅಲ್ಲಿ ಪಟ್ಟಿ ಜೋರಾಗಿ ಓದಿ. ಕೆಲಸ ಮಾಡದೇ ಇರೋನ ಹೆಸರು ಬಂದ್ರೆ ಅದೇ ಕೇಂದ್ರದಲ್ಲಿ ಊಟ ಮಾಡಿದ ಅಜ್ಜಿ ಎದ್ದು "ಇವನನ್ನ ನಾನು ಅಲ್ಲಿ ನೋಡೇ ಇಲ್ಲ" ಅಂತಾರೆ. ಆ ಅಜ್ಜಿಗಿಂತ ದೊಡ್ಡ ಆಯ್ಕೆ ಸಮಿತಿ ಬೇಕಾ ನಿಮಗೆ? ಅಜ್ಜಿಗೆ ಬಿಡಿ, ತೀರ್ಪು ಕೊಡ್ತಾರೆ!

ಮತ್ತೆ ಆ ಶಾಲು, ಹಣ್ಣಿನ ಬುಟ್ಟಿ, ಗಾಜಿನ ಫಲಕ. ಮರ ಕೊಯ್ಯೋರಿಗೆ ಒಳ್ಳೆ ಚೈನು, ಹೆಲ್ಮೆಟ್ಟು, ಕಾಲಿಗೆ ರಕ್ಷಣೆ ಕೊಡಿ. ಜೀಪಿನವರಿಗೆ ಗಟ್ಟಿ ಹಗ್ಗ, ಟೈರಿಗೆ ಚೈನು ಕೊಡಿ. ಆಪದಾ ಮಿತ್ರ ಅನ್ನೋ ವಿಪತ್ತು ಸ್ವಯಂಸೇವಕರ ಯೋಜನೆಯಲ್ಲಿ ತರಬೇತಿ ಇದೆ, ಕಿಟ್ ಇದೆ, ವಿಮೆ ಇದೆ. ರಿಜಿಸ್ಟರಲ್ಲಿ ಹೆಸರಿರೋರನ್ನೇ ಮೊದಲು ಅದಕ್ಕೆ ಕಳಿಸಿ. ಅಡುಗೆಯವರಿಗೆ ಆ ದಿನಗಳ ಕೂಲಿ ಕೊಡಿ, ಮೊದಲು ಕೂಲಿ, ಆಮೇಲೆ ಫಲಕ. ಇನ್ನೆಷ್ಟು ಸಲ ಹೇಳ್ಬೇಕು? ಅರ್ಜಿ ಕರೀಬೇಡಿ! ಕರೀಲೇಬೇಡಿ!

ನಿಮ್ಮೂರಲ್ಲಿ ಹೀಗೆ ಕೆಲಸ ಮಾಡಿ ಹೆಸರು ಬರದೇ ಹೋದವರು ಇದ್ರೆ, ಅವರು ಏನು ಮಾಡಿದ್ರು ಅಂತ ಎರಡು ಸಾಲು ಬರೆದು ನಿಮ್ಮ ಪಂಚಾಯತಿಗೆ ಕೊಡಿ, ಕೊಟ್ಟಿದ್ದಕ್ಕೆ ಸ್ವೀಕೃತಿ ಸೀಲು ಹಾಕಿಸ್ಕೊಳ್ಳಿ. ಮುಂದಿನ ಸಂಚಿಕೆಯಲ್ಲಿ ಮಳೆಮಾಪಕ ಮನೆ ಅಂಗಳದಲ್ಲಿ ಎಲ್ಲಿ ಇಡ್ಬೇಕು, ಎಷ್ಟು ಎತ್ತರದಲ್ಲಿ ಅಂತ ತೋರಿಸ್ತೀನಿ. ಬೆಲ್ ಒತ್ತಿ ಇಟ್ಕೊಳ್ಳಿ, ಮಳೆಗಾಲಕ್ಕೆ ಮೊದಲೇ ಬರುತ್ತೆ.