ಮೆಜೆಸ್ಟಿಕ್ಕಲ್ಲಿ ರೂಮ್ ಹುಡುಕೋದು: ಬೆಳಗಿನ ಜಾವ ಟ್ರೈನ್ ಇಳಿಯೋರಿಗೆ

ಹಾಂ ನಮಸ್ಕಾರ ಎಲ್ರಿಗೂ, ಇದು ಬೆಂಗಳೂರು ಸಿಟಿ ಸ್ಟೇಷನ್ನು, ಈಗ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ಸ್ಟೇಷನ್, ವಿಡಿಯೋ ಕತ್ತಲೆ ಕಾಣ್ತಿದೆ ಅಂದ್ರೆ ನಿಜವಾಗ್ಲೂ ಕತ್ತಲೆನೇ ಇತ್ತು, ತಾಳಗುಪ್ಪದಿಂದ ಬರೋ ರಾತ್ರಿ ಟ್ರೈನು ನಮ್ಮನ್ನ ಇಲ್ಲಿ ಇಳಿಸೋದು ಬೆಳಕು ಹರಿಯೋಕೂ ಮುಂಚೆ. ಬ್ಯಾಗ್ ನಾನು ಹಿಡ್ಕೋತೀನಿ ಅಂದ್ರೂ ಕೇಳದೆ ಮುಂದೆ ಹೋಗ್ತಿರೋದು ನಮ್ಮಮ್ಮ. ಸಾಗರದಿಂದ ಬಂದಿದೀವಿ, ಮಿಂಟೋ ಕಣ್ಣಾಸ್ಪತ್ರೇಲಿ ಅಮ್ಮಂಗೆ ತೋರಿಸ್ಬೇಕು, ರಾತ್ರಿ ಅದೇ ಟ್ರೈನಲ್ಲಿ ವಾಪಸ್ ಹೋಗ್ಬೇಕು. ಅಂದ್ರೆ ನಮಗೆ ಬೇಕಿರೋದು ಸ್ನಾನ, ಎರಡು ಗಂಟೆ ನಿದ್ದೆ, ಮಧ್ಯಾಹ್ನ ಬಂದು ಕಾಲು ಚಾಚೋಕೆ ಒಂದು ಮಂಚ. ಅಷ್ಟೇ.

ಮೆಟ್ಟಿಲು ಹತ್ತೋದೆಲ್ಲ ಫಾಸ್ಟ್ ಫಾರ್ವರ್ಡ್ ಮಾಡಿದೀನಿ. ಹೊರಗೆ ಬರೋವಾಗ ಒಂದು ಮಾತು, ಟಿಕೆಟಲ್ಲಿ ಯಾವ ಸ್ಟೇಷನ್ ಅಂತ ನೋಡ್ಕೊಂಡೇ ರೂಮ್ ಮಾಡಿ, ಎಸ್‌ಬಿಸಿ ಅಂತಿದ್ರೆ ಮಾತ್ರ ಈ ಮೆಜೆಸ್ಟಿಕ್ ಸ್ಟೇಷನ್ನು, 2022ರಲ್ಲಿ ಬೈಯಪ್ಪನಹಳ್ಳಿ ಹತ್ರ ವಿಶ್ವೇಶ್ವರಯ್ಯ ಟರ್ಮಿನಲ್ ಶುರುವಾದ್ಮೇಲೆ ಎಷ್ಟೋ ಟ್ರೈನ್ ಆ ಕಡೆ ಹೋಗಿವೆ, ಯಶವಂತಪುರ ಬೇರೆನೇ. ಆಪಲ್ಲಿ "ರೈಲ್ವೆ ಸ್ಟೇಷನ್ ಹತ್ರ" ಅಂತ ಹಾಕಿರ್ತಾರೆ, ಯಾವ ಸ್ಟೇಷನ್ ಅಂತ ಮ್ಯಾಪ್ ತೆಗೆದು ನೋಡಿ.

ಇದು ಒಂದನೇ ಪ್ಲಾಟ್‌ಫಾರಂ ಕಡೆಯ ಬಾಗಿಲು, ಎದುರಿಗೇ ಬಸ್ ಸ್ಟ್ಯಾಂಡ್. "ರೂಮ್ ಬೇಕಾ ಮೇಡಂ ರೂಮ್" ಅಂತ ಹಿಂದೆ ಬರ್ತಿದಾರಲ್ಲ, ಕೇಳಿಸ್ತಿದೆಯಾ, ದಯವಿಟ್ಟು ಇವರ ಜೊತೆ ಹೋಗ್ಬೇಡಿ. ಇವರ ಕಮಿಷನ್ ನಿಮ್ಮ ಬಾಡಿಗೇಲೇ ಸೇರಿರತ್ತೆ, ಅದರ ಮೇಲೆ ರೂಮ್ ಆರಿಸೋರು ನೀವಲ್ಲ, ಅವರು.

ಈಗ ಬಂತು ನೋಡಿ ಆ ಲಾಡ್ಜು. ಹೆಸರು ಬೋರ್ಡ್ ಎಲ್ಲ ಬ್ಲರ್ ಮಾಡಿದೀನಿ. ಆಪಲ್ಲಿ ಬುಕ್ ಮಾಡಿದ್ದೆ, 1,200 ರೂಪಾಯಿ, ದುಡ್ಡು ಹೋಟೆಲಲ್ಲೇ ಕೊಡೋದು. ಹಿಂದಿನ ದಿನ ಫೋನ್ ಮಾಡಿ ನಾವು ಬೆಳಗ್ಗೆ ಐದರ ಸುಮಾರಿಗೆ ಬರ್ತೀವಿ, ರೂಮ್ ಕೊಡ್ತೀರಾ ಅಂತ ಬಾಯಿಬಿಟ್ಟು ಕೇಳಿದ್ದೆ, "ಬನ್ನಿ ಮೇಡಂ, ಏನೂ ತೊಂದ್ರೆ ಇಲ್ಲ" ಅಂದಿದ್ರು. ಈಗ ಕೌಂಟರಲ್ಲಿ ಮಲಗಿದ್ದ ಹುಡುಗ ಎದ್ದು ಕಣ್ಣುಜ್ಕೊಂಡು ಹೇಳ್ತಾನೆ, "ಚೆಕ್‌ಇನ್ ಹನ್ನೆರಡಕ್ಕೆ ಮೇಡಂ, ಈಗ ಬೇಕಂದ್ರೆ ನಿನ್ನೆ ದಿನದ ಬಾಡಿಗೆನೂ ಆಗತ್ತೆ". ನಿನ್ನೆ ದಿನದ್ದು! ನಿನ್ನೆ ನಾವು ಸಾಗರದಲ್ಲಿದ್ವಿ. ಅವನ ಹಿಂದೆ ಬೋರ್ಡಲ್ಲಿ ಬೀಗದ ಕೈ ಸಾಲಾಗಿ ನೇತಾಡ್ತಿವೆ, ರೂಮು ಖಾಲಿ ಇದಾವೆ, ಅರವತ್ತು ದಾಟಿದ ಹೆಂಗಸು ಸ್ಟೂಲ್ ಮೇಲೆ ಕೂತಿದಾಳೆ, ಆದ್ರೂ ಅವರ ಲೆಕ್ಕದಲ್ಲಿ ದಿನ ಶುರುವಾಗೋದೇ ಮಧ್ಯಾಹ್ನ ಹನ್ನೆರಡು ಗಂಟೆಗಂತೆ. ಲೆಕ್ಕ ಹಾಕಿ ನೀವೇ, ಬೆಳಗ್ಗೆ ಐದಕ್ಕೆ ಬಂದು ರಾತ್ರಿ ಹತ್ತಕ್ಕೆ ಹೋಗೋರು ನಾವು, ಒಟ್ಟು 17 ಗಂಟೆ, ಅದಕ್ಕೆ ಎರಡು ದಿನದ ಬಾಡಿಗೆ 2,400. ಫೋನಲ್ಲಿ ಒಪ್ಕೊಂಡಿದ್ರಲ್ಲ ಅಂದ್ರೆ ಅದು ಬೇರೆಯವರು ಮಾತಾಡಿರ್ಬೇಕು ಅಂದ. ನಂಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ಹುಡುಗನ ಮೇಲಲ್ಲ, ಪಾಪ ಅವನು ಯಾರೋ ಹೇಳಿದ್ದು ಹೇಳ್ತಾನೆ. ಆದ್ರೆ ಸ್ಟೇಷನ್ ಎದುರಿಗೇ ಲಾಡ್ಜ್ ಇಟ್ಕೊಂಡು, ಊರೂರಿಂದ ರಾತ್ರಿ ಟ್ರೈನು ಬೆಳಗ್ಗೆ ನಾಲ್ಕರಿಂದ ಏಳರವರೆಗೆ ಬಂದು ಬೀಳತ್ತೆ ಅಂತ ಗೊತ್ತಿದ್ದೂ ಹನ್ನೆರಡು ಗಂಟೆ ರೂಲ್ ಇಡೋದು ಅನ್ಯಾಯ ಅಲ್ವಾ? ಅಮ್ಮ ಮಾತ್ರ "ಬಾರೇ, ಬೇರೆ ಕಡೆ ನೋಡಣ, ಜಗಳ ಬೇಡ" ಅಂತ ಎದ್ದೇ ಬಿಟ್ಳು.

ಮೆಜೆಸ್ಟಿಕ್ಕಲ್ಲಿ ಹಳೇ ಲಾಡ್ಜುಗಳಲ್ಲಿ ಇನ್ನೊಂದು ಪದ್ಧತಿ ಇದೆ, 24 ಗಂಟೆ ಲೆಕ್ಕ. ನೀವು ಐದೂವರೆಗೆ ಹೋದ್ರೆ ಮಾರನೇ ದಿನ ಐದೂವರೆವರೆಗೆ ರೂಮ್ ನಿಮ್ದು. ಬೋರ್ಡಲ್ಲೇ ಬರೆದಿರತ್ತೆ, ಇಲ್ಲಾಂದ್ರೆ ಕೇಳಿ. ರಾತ್ರಿ ಟ್ರೈನಲ್ಲಿ ಬಂದು ರಾತ್ರಿ ಟ್ರೈನಲ್ಲೇ ಹೋಗೋರಿಗೆ ಇದಕ್ಕಿಂತ ಒಳ್ಳೇದು ಯಾವ್ದೂ ಇಲ್ಲ, ಸ್ಟಾರ್ ರೇಟಿಂಗ್ ರಿವ್ಯೂ ಎಲ್ಲ ಆಮೇಲೆ ನೋಡಿ, ಮೊದ್ಲು ಇದನ್ನ ಕೇಳಿ. ಆದ್ರೆ ಮಧ್ಯಾಹ್ನದ ಟ್ರೈನಲ್ಲಿ ಬರೋರಾದ್ರೆ ಹನ್ನೆರಡು ಗಂಟೆ ರೂಲಿಂದ ಏನೂ ಲಾಸ್ ಇಲ್ಲ, ಅವರು ಆರಾಮಾಗಿ ಆಪಲ್ಲೇ ಮಾಡ್ಲಿ. ಎಲ್ರಿಗೂ ಒಂದೇ ಲಾಡ್ಜ್ ಒಳ್ಳೇದು ಅಂತ ಹೇಳೋಕಾಗಲ್ಲ.

ರಿಟೈರಿಂಗ್ ರೂಮ್, ಅಂದ್ರೆ ರೈಲ್ವೆಯವರು ಪ್ರಯಾಣಿಕರಿಗೆ ಬಾಡಿಗೆಗೆ ಕೊಡೋ ರೂಮ್, ಯಾಕೆ ಮಾಡ್ಲಿಲ್ಲ ಅಂತ ಕೇಳ್ತೀರ, ಗೊತ್ತು. ಸ್ಟೇಷನ್ ಒಳಗೇ ಇರತ್ತೆ, ಐಆರ್‌ಸಿಟಿಸೀಲಿ ಪಿಎನ್‌ಆರ್ ಹಾಕಿ ಬುಕ್ ಮಾಡೋದು, ಟಿಕೆಟ್ ಕನ್ಫರ್ಮ್ ಅಥವಾ ಆರ್‌ಎಸಿ (ಒಂದೇ ಬರ್ತಲ್ಲಿ ಇಬ್ಬರು ಕೂರೋ ಟಿಕೆಟ್) ಇರ್ಬೇಕು. ಸಿಕ್ಕಿದ್ರೆ ನಾನು ಅದನ್ನೇ ತಗೋತಿದ್ದೆ, ರಸ್ತೆ ದಾಟೋದೂ ಇಲ್ಲ, ಹಿಂದೆ ಬರೋರೂ ಇಲ್ಲ. ಸಿಗ್ಲಿಲ್ಲ. ರೂಮ್ ಇರೋದು ಕಮ್ಮಿ, ಕೇಳೋರು ಜಾಸ್ತಿ.

ಈ ರಸ್ತೆ ಗುಬ್ಬಿ ತೋಟದಪ್ಪ ರೋಡು. ಸ್ವಲ್ಪ ನಿಲ್ಲಿಸಿ ತೋರಿಸ್ಬೇಕು ಅನ್ನಿಸ್ತು. ತೋಟದಪ್ಪನವರು ಗುಬ್ಬಿ ಕಡೆಯ ವ್ಯಾಪಾರಿ, ದೂರದಿಂದ ಬಂದೋರಿಗೆ ತಂಗೋಕೆ ಜಾಗ ಇಲ್ಲ ಅಂತ ಸ್ವಂತ ದುಡ್ಡಲ್ಲಿ ಛತ್ರ ಕಟ್ಟಿಸಿದ್ರು, 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಬಂದು ಉದ್ಘಾಟನೆ ಮಾಡಿದ್ರು. ಟ್ರೈನ್ ಇಳಿದೋರು ಎಲ್ಲಿಗೆ ಹೋಗ್ಬೇಕು ಅಂತ ಒಬ್ರು ಅಷ್ಟು ಹಿಂದೆನೇ ಯೋಚನೆ ಮಾಡಿದಾರೆ, ಅವರ ಹೆಸರಿನ ರಸ್ತೇಲೇ ನಿನ್ನೆ ಬಾಡಿಗೆ ಕೊಡು ಅಂತ ಕೇಳಿಸ್ಕೊಂಡಿದ್ದು ನಂಗೆ ತುಂಬಾ ಬೇಜಾರಾಯ್ತು. ಆ ಕಡೆ ಬಸ್ ಸ್ಟ್ಯಾಂಡ್ ಇದೆಯಲ್ಲ, ಅದು ಮೊದ್ಲು ಧರ್ಮಾಂಬುಧಿ ಕೆರೆ, ಟ್ಯಾಂಕ್ ಬಂಡ್ ರೋಡ್ ಅಂತ ಪಕ್ಕದಲ್ಲಿ ಇನ್ನೂ ಹೆಸರಿದೆ. ಅಯ್ಯೋ ಶಾಟ್ ಮುಗೀತು, ಬನ್ನಿ ಮುಂದೆ.

ಇದು ಗಾಂಧಿನಗರದ ಒಳಗಿನ ಕ್ರಾಸು. ಸ್ಟೇಷನ್ ಎದುರಿಗೇ ಬೇಕು ಅಂತ ಹಟ ಮಾಡ್ಬೇಡಿ, ಸ್ವಲ್ಪ ದೂರ ಒಳಗಡೆ ನಡೆದ್ರೆ ಗಲಾಟೆನೂ ಕಮ್ಮಿ, ರೇಟೂ ಇಳಿಯತ್ತೆ. ಆದ್ರೆ ನಮ್ಮ ಹಾಗೆ ಹೆಂಗಸರೇ ಬರೋದಾದ್ರೆ ಕತ್ತಲೇಲಿ ಸುತ್ತಬೇಡಿ, ಸ್ಟೇಷನ್ ವೇಟಿಂಗ್ ಹಾಲಲ್ಲೇ ಕೂತು ಬೆಳಕಾದ್ಮೇಲೆ ಹೊರಡಿ. ನಾವೂ ವಾಪಸ್ ಹೋಗಿ ಅಲ್ಲೇ ಕೂತು ಕಾಫಿ ಕುಡಿದು ಬಂದಿದ್ದು, ಅದಕ್ಕೇ ಈ ಶಾಟಲ್ಲಿ ಬಿಸಿಲಿದೆ.

ಇಲ್ಲಿ ಮೊದಲನೇ ಲಾಡ್ಜಲ್ಲಿ 24 ಗಂಟೆ ಇತ್ತು, ಲಿಫ್ಟ್ ಇರ್ಲಿಲ್ಲ. ಕೆಳಗೆಲ್ಲ ಅಂಗಡಿ, ರಿಸೆಪ್ಷನ್ನೇ ಮೊದಲನೇ ಮಹಡೀಲಿ, ಖಾಲಿ ರೂಮು ಮೂರನೇ ಮಹಡೀಲಿ. ಅಮ್ಮನ ಮಂಡಿಗೆ ಅದು ಆಗಲ್ಲ. ಫೋಟೋದಲ್ಲಿ ಮಂಚ ಟಿವಿ ತೋರಿಸ್ತಾರೆ, ಮೆಟ್ಟಿಲು ಯಾರೂ ತೋರಿಸಲ್ಲ. ಎರಡನೇದರಲ್ಲಿ ಲಿಫ್ಟ್ ಇತ್ತು, ತಗೊಂಡ್ವಿ, 1,300 ಜೊತೆಗೆ ಜಿಎಸ್‌ಟಿ. ಬಿಲ್ ನೋಡ್ಕೊಳ್ಳಿ, 7,500ರ ಒಳಗಿನ ರೂಮಿಗೆ 12 ಪರ್ಸೆಂಟ್ ಇದ್ದಿದ್ದು 2025ರ ಸೆಪ್ಟೆಂಬರ್ 22ರಿಂದ 5 ಪರ್ಸೆಂಟ್ ಆಗಿದೆ, ನಮಗೆ 1,365 ಆಯ್ತು. ಇಬ್ಬರದೂ ಆಧಾರ್ ಕೇಳಿದ್ರು. ಬೆಂಗಳೂರು ಅಡ್ರೆಸ್ಸಿನ ಆಧಾರ್ ಇದ್ರೆ ಕೆಲವು ಕಡೆ ರೂಮೇ ಕೊಡಲ್ಲ, ಅಂಥೋರು ಮೊದ್ಲೇ ಕೇಳ್ಕೊಂಡು ಹೋಗಿ.

ರೋಡ್ ಕಡೆ ಕಿಟಕಿ ಬೇಕು ಅಂತ ಕೇಳಿ ತಗೊಂಡೆ, ಬೆಳಕು ಚೆನ್ನಾಗಿದೆ, ಅರ್ಧ ಗಂಟೆ ಹಾರ್ನ್ ಕೇಳಿದ್ಮೇಲೆ ಹಿಂದಿನ ರೂಮ್ ಇದೆಯಾ ಅಂತ ಕೇಳಿ ಬದಲಾಯಿಸಿದೆ. ಹಿಂದಿಂದು ಸ್ವಲ್ಪ ಕತ್ತಲೆ, ಆದ್ರೆ ನಿದ್ದೆ ಬರತ್ತೆ. ನೀವು ಹಿಂದಿನ ರೂಮೇ ಕೇಳಿ. ಬಿಸಿನೀರು ಎಷ್ಟೊತ್ತಿನವರೆಗೆ ಬರತ್ತೆ ಅಂತ ಮೊದ್ಲೇ ವಿಚಾರಿಸಿ, ಇಲ್ಲಿ ಒಂಬತ್ತಕ್ಕೆ ನಿಲ್ಲಿಸ್ತಾರಂತೆ.

ಅಮ್ಮ ಸ್ನಾನ ಮುಗಿಸಿ ರೆಡಿ, ನಾನಿನ್ನೂ ಕ್ಯಾಮೆರಾ ಹಿಡ್ಕೊಂಡಿದೀನಿ ಅಂತ ಬೈತಿದಾಳೆ. ಆಸ್ಪತ್ರೆ ಚೀಟಿ ಮಾಡಿಸೋ ಕ್ಯೂ ದೊಡ್ಡದಾಗೋ ಮುಂಚೆ ಹೋಗ್ಬೇಕು, ಆಟೋ ಬಂದು ಕೆಳಗೆ ನಿಂತಿದೆ. ನೀವು ಉಳ್ಕೊಂಡಿರೋ 24 ಗಂಟೆ ಲಾಡ್ಜು, ಲಿಫ್ಟ್ ಇರೋದು, ಕಾಮೆಂಟಲ್ಲಿ ಹಾಕಿ, ಮುಂದಿನ ತಿಂಗಳು ಮತ್ತೆ ಚೆಕಪ್ಪಿಗೆ ಬರೋದಿದೆ.