ಮಗು ಮೊದಲಿನ ಹಾಗೆ ಆಗುತ್ತದೆಯೇ?

ಕೇಳುಗರಿಗೆ ನಮಸ್ಕಾರ. ಮಲೆನಾಡಿನಲ್ಲಿ ಮಳೆ ಹಿಡಿಯಿತೆಂದರೆ ನೆಗಡಿ, ಕೆಮ್ಮು, ಜ್ವರ ಮನೆಮನೆಯಲ್ಲೂ ಇದ್ದದ್ದೇ. ಫ್ಲೂ ಜ್ವರ ಬಹುಪಾಲು ಮಕ್ಕಳಲ್ಲಿ ವಾರದೊಳಗೆ ಇಳಿಯುತ್ತದೆ. ಆದರೆ ತೀರಾ ಅಪರೂಪಕ್ಕೆ, ಅದರಲ್ಲೂ ಐದು ವರ್ಷದೊಳಗಿನವರಲ್ಲಿ, ಜ್ವರ ಬಂದ ಒಂದೆರಡು ದಿನಗಳಲ್ಲೇ ಮಿದುಳಿಗೆ ಪೆಟ್ಟು ಬೀಳುತ್ತದೆ.

ಹೊಸನಗರದ ಕಡೆಯಿಂದ ಮೂರು ವರ್ಷದ ಮಗಳನ್ನು ಶಿವಮೊಗ್ಗಕ್ಕೆ ಕರೆತಂದ ತಾಯಿಯೊಬ್ಬರು, ಫಿಟ್ಸ್ ಶುರುವಾದ ಮತ್ತು ನಿಂತ ಹೊತ್ತನ್ನು ಔಷಧಿ ಚೀಟಿಯ ಹಿಂಬದಿಯಲ್ಲಿ ಬರೆದಿಟ್ಟಿದ್ದರು. ಅಕ್ಷರಗಳು ಮಳೆನೀರಿಗೆ ಕದಡಿದ್ದವು. ಅವರು ಕೇಳಿದ್ದು ಒಂದೇ ಮಾತು: "ಮಗು ಮೊದಲಿನ ಹಾಗೆ ಆಗ್ತದಾ ಡಾಕ್ಟ್ರೇ?"

ಇದಕ್ಕೆ ಯಾವುದೇ ಒಂದು ಪರೀಕ್ಷೆ ಉತ್ತರ ಕೊಡುವುದಿಲ್ಲ. ಬೆನ್ನುಹುರಿಯ ನೀರಿನಲ್ಲಿ ಹೆಚ್ಚಿನ ಸಲ ವೈರಸ್ಸೇ ಸಿಗುವುದಿಲ್ಲ, ಏಕೆಂದರೆ ಹಾನಿಯ ಬಹುಭಾಗ ವೈರಸ್ಸಿನ ವಿರುದ್ಧ ಮೈಯೇ ಎಬ್ಬಿಸುವ ಉರಿಯೂತದಿಂದ ಆಗುವಂಥದ್ದು. ಹಾಗಾಗಿ ನಾವು ಸುಳಿವುಗಳನ್ನು ಒಟ್ಟುಗೂಡಿಸಿ ಅಂದಾಜು ಮಾಡುತ್ತೇವೆ. ಪ್ರಜ್ಞೆ ಎಷ್ಟು ಆಳಕ್ಕೆ ಇಳಿದಿದೆ, ರಕ್ತದೊತ್ತಡ ಕುಸಿದಿದೆಯೇ, ಪ್ಲೇಟ್‌ಲೆಟ್ ಇಳಿದು ಯಕೃತ್ತಿನ ಕಿಣ್ವಗಳು ಏರಿವೆಯೇ ಎಂಬುದನ್ನು ಮೊದಲು ನೋಡುತ್ತೇವೆ. ಆಮೇಲೆ ಮಿದುಳಿನ ಒಳಚಿತ್ರ ತೋರಿಸುವ ಎಂ.ಆರ್.ಐ. ಸ್ಕ್ಯಾನ್. ಜಪಾನಿನ ವೈದ್ಯರು 1995ರಲ್ಲಿ ವಿವರಿಸಿದ, ಈ ಕಾಯಿಲೆಯ ಉಗ್ರ ರೂಪದಲ್ಲಿ ಮಿದುಳಿನ ನಡುವಿನ ಥಲಾಮಸ್ ಎರಡೂ ಬದಿಗೆ ಒಂದೇ ರೀತಿ ಹಾಳಾಗಿರುತ್ತದೆ. ಹಾನಿ ಉಸಿರು, ಎದೆಬಡಿತಗಳನ್ನು ನೋಡಿಕೊಳ್ಳುವ ಮಿದುಳಿನ ಕಾಂಡಕ್ಕೂ ಹಬ್ಬಿದ್ದರೆ, ಇಲ್ಲವೇ ಅಲ್ಲಿ ರಕ್ತ ಒಸರಿದ್ದರೆ, ನಮ್ಮ ಮಾತು ಅಳುಕುತ್ತದೆ. ಎರಡು ಅರೆಗೋಳಗಳನ್ನು ಬೆಸೆಯುವ ಸೇತುವೆಯ ಹಿಂತುದಿಯಲ್ಲಿ ಮಾತ್ರ ಚುಕ್ಕೆ ಕಂಡರೆ ಅದು ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಅಳಿಸಿಹೋಗುತ್ತದೆ. ಆಗ ಧೈರ್ಯವಾಗಿ ಭರವಸೆ ಕೊಡಬಹುದು.

ಇಷ್ಟಾದರೂ ಆ ಚೀಟಿಯನ್ನು ನಾನು ಯಂತ್ರದ ವರದಿಯಷ್ಟೇ ಬೆಲೆಯುಳ್ಳದ್ದೆಂದು ಎಣಿಸುತ್ತೇನೆ. ಜ್ವರದ ಸಾದಾ ಫಿಟ್ಸ್ ಕೆಲವೇ ನಿಮಿಷಗಳಲ್ಲಿ ನಿಂತು, ಮಗು ಸ್ವಲ್ಪ ಹೊತ್ತಿಗೆ ಎಚ್ಚೆತ್ತು ತಾಯಿಯನ್ನು ಗುರುತಿಸುತ್ತದೆ. ಫಿಟ್ಸ್ ಐದು ನಿಮಿಷ ಮೀರಿದರೆ, ಮಗು ಮಂಕಾಗಿಯೇ ಉಳಿದರೆ, ಇಲ್ಲದ್ದನ್ನು ಕಂಡಂತೆ ಬಡಬಡಿಸಿದರೆ, ಬೆಳಗಾಗಲೆಂದು ಕಾಯಬೇಡಿ. ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಔಷಧಿ ಮೊದಲ ದಿನವೇ ಸಿಕ್ಕ, ಮಿದುಳಿನ ಕಾಂಡ ಕೆಡದ ಮಕ್ಕಳು ಹೆಚ್ಚು ಚೇತರಿಸಿಕೊಂಡದ್ದು ದಾಖಲಾಗಿದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್ ಕೊಡಲೇಬೇಡಿ, ಡೈಕ್ಲೋಫೆನಾಕ್, ಮೆಫೆನಾಮಿಕ್ ಆಸಿಡ್ ಎಂಬ ನೋವು-ಜ್ವರದ ಔಷಧಿಗಳೂ ಬೇಡ. ಆರು ತಿಂಗಳು ತುಂಬಿದ ಮಗುವಿಗೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಬಹುದು.

ಆ ಹುಡುಗಿ ಈಗ ಅಂಗನವಾಡಿಗೆ ಹೋಗುತ್ತಾಳೆ. ಎಡಗೈಯ ಹಿಡಿತ ಇನ್ನೂ ಸಡಿಲ. ತಾಯಿ ದಿನವೂ ಅವಳ ಕೈಯಲ್ಲಿ ಹುರಳಿಕಾಳು ಹೆಕ್ಕಿಸುತ್ತಾರೆ. ಮುಂದಿನ ತಿಂಗಳು ಮತ್ತೆ ತೋರಿಸಲು ಬರುವವರಿದ್ದಾರೆ. ನಮಸ್ಕಾರ.